ಬಲಕ್ಕೆ ಬಂದ ಸ್ಟೀರಿಂಗ್

ಫೆಬ್ರವರಿ 4

ಅಕ್ಕಾ,

ನೀನು ಹಡಗಿಗೆ ಹಾಕಿದ ಪೆಟ್ಟಿಗೆ ನಿನ್ನೆ ಬಂತು. ಪೆಟ್ಟಿಗೆಯಾ ಅದು! ಒಂದು ಸಂಸಾರ ವಾಸ ಮಾಡಬಹುದು ಅದರೊಳಗೆ. ಲಾರಿಯವನು ನಮ್ಮ ಬೀದಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಂಡು ಒಂದು ಗಂಟೆ ಅಕ್ಕಪಕ್ಕದವರ ಬಾಯಿಗೆಲ್ಲ ಕೆಲಸ ಕೊಟ್ಟ. ಕೊನೆಗೆ ಬಸ್ ಡಿಪೋದಿಂದ ನನ್ನ ಜೊತೆಯ ಇಬ್ಬರು ಫಿಟ್ಟರುಗಳನ್ನು ಕರೆತಂದು, ಹಲಗೆ ಕಿತ್ತು, ಗಾಡಿಯನ್ನು ಹಿತ್ತಿಲ ಶೆಡ್ಡಿಗೆ ತಳ್ಳಿದೆವು.

ಭಾವನ ಕೈಕೆಲಸ ನೋಡಲು ನಾವು ಮೂವರೂ ಗಾಡಿಯ ಸುತ್ತ ಎರಡು ಸಲ ಸುತ್ತಿದೆವು. ಬಿಡಿಬಿಡಿಯಾಗಿ ಕೊಳ್ಳುವ ಕಿಟ್ ಕಾರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮುಕ್ಕಾಲು ಪಾಲು ಜನ ಅರ್ಧ ಕಟ್ಟಿ, ಮೇಲೊಂದು ಚಾದರ ಹೊದಿಸಿ ಮರೆತುಬಿಡುತ್ತಾರೆ. ಇಲ್ಲಿ ಒಂದು ಬೆಸುಗೆಯೂ ಉಬ್ಬಿಲ್ಲ, ಒಂದು ವೈರೂ ಜೋತಿಲ್ಲ. ಆರು ವರ್ಷ ಲೇತ್ ಮಷೀನಿನ ಕೆಲಸ ಮುಗಿಸಿ ಬಂದು ಸಂಜೆ ಹೊತ್ತು ಕಟ್ಟಿದ್ದಲ್ಲವಾ? ಡ್ಯಾಶ್‌ಬೋರ್ಡನ್ನು ಒಂದೇ ಮರದ ಹಲಗೆಯಲ್ಲಿ ಕೊರೆದಿದ್ದಾನೆ ಪುಣ್ಯಾತ್ಮ. ಭಾವ ತೀರಿಹೋದಾಗ ನಾನು ಬರಲಿಲ್ಲ. ರಜೆ ಸಿಗಲಿಲ್ಲ ಅಂತ ಬರೆದಿದ್ದೆ. ಕೇಳಿದ್ದರೆ ಸಿಗುತ್ತಿತ್ತು, ಅಕ್ಕ. ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಇರಲಿ. ಈಗ ನನ್ನ ಯೋಜನೆ ಕೇಳು. ನಿನ್ನ ಮನೆ ಮಾಲೀಕರು ಜೂನ್‌ನಲ್ಲಿ ಬಿಡಿ ಅಂದಿದ್ದಾರೆ. ನೀನು ಇಲ್ಲಿಗೆ ಬಂದುಬಿಡು. ಮುಂದಿನ ಕೋಣೆ ನಿನಗೆ. ಅಷ್ಟರಲ್ಲಿ ಗಾಡಿ ಸಿದ್ಧವಾಗಿರುತ್ತದೆ, ನೀನೇ ಓಡಿಸಬೇಕು. ಒಂದೇ ತೊಡಕು. ನಿಮ್ಮಲ್ಲಿ ರಸ್ತೆಯ ಬಲಕ್ಕೆ ಓಡಿಸುತ್ತಾರೆ, ಸ್ಟೀರಿಂಗ್ ಎಡಕ್ಕೆ. ನಮ್ಮಲ್ಲಿ ಎಲ್ಲ ಉಲ್ಟಾ. ಹಾಗಾಗಿ ಸ್ಟೀರಿಂಗನ್ನು ಬಲಕ್ಕೆ ತರುತ್ತೇನೆ. ನನಗದು ನೀರು ಕುಡಿದಷ್ಟು ಸುಲಭ.

ನೆನಪಿದೆಯಾ, ನಾವು ಜೊತೆಯಲ್ಲಿ ಕೈಹಾಕಿದ ಮೊದಲ ಗಾಡಿ? ಜಾಕ್ ಇಳಿಸುವಾಗ ನನ್ನ ಕೈ ಜಾರಿ ನಿನ್ನ ಎಡಗೈ ಅಡಿಗೆ ಸಿಕ್ಕಿದ್ದು? ನಿನ್ನ ಬ್ಯಾಂಡೇಜ್ ಬಿಚ್ಚುವ ಮೊದಲೇ ನಾನು ಹಡಗು ಹತ್ತಿದ್ದೆ. ‘ಕೈ ಮೊದಲಿನ ಹಾಗೇ ಆಯ್ತು ಕಣೋ’ ಅಂತ ನೀನು ಬರೆದ ಕಾಗದ ಬಂದ ಮೇಲೇ ನನಗೆ ನಿದ್ದೆ ಹತ್ತಿದ್ದು. ನಾವು ಒಬ್ಬರನ್ನೊಬ್ಬರು ಕಂಡು ಇಪ್ಪತ್ತೆರಡು ವರ್ಷವಾಯಿತು ನೋಡು.

ನಿನ್ನ,
ನಟ್ಟು


ಫೆಬ್ರವರಿ 26

ಪ್ರೀತಿಯ ನಟ್ಟು,

ನಲವತ್ತೊಂದು ವರ್ಷದ ಗಂಡಸು ಇನ್ನೂ ಆ ಅಡ್ಡಹೆಸರಿನಲ್ಲೇ ಸಹಿ ಹಾಕುತ್ತೀಯಲ್ಲ, ಸಂತೋಷ. ನಿನ್ನ ಚಡ್ಡಿ ಜೇಬಿನ ನಟ್ಟುಗಳನ್ನು ಒಗೆಯುವ ಕಲ್ಲಿನ ಮೇಲೆ ಆರಿಸಿದವಳು ನಾನು.

ಫೋನ್ ಮಾಡು ಅಂತ ನಿನ್ನ ಹೆಂಡತಿ ಹೇಳಿ ಕಳಿಸಿದ್ದಾಳೆ. ಫೋನಿನಲ್ಲಿ ನೀನು ಮಧ್ಯೆ ಮಧ್ಯೆ ಬಾಯಿ ಹಾಕುತ್ತೀಯ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು, ಅದಕ್ಕೇ ನನಗೆ ಇದೇ ಸರಿ.

ಗಾಡಿ ವಿಷಯ. ಅದನ್ನು ಇದ್ದ ಹಾಗೇ ಮುಗಿಸಿಬಿಡೋ. ಎಡಕ್ಕಿದ್ದರೆ ಎಡಕ್ಕೇ ಇರಲಿ. ಬ್ರೇಕಿನ ಪೈಪು, ಬಾಗಿಲಿನ ರಬ್ಬರು, ದೀಪ, ಇಷ್ಟೇ ಬಾಕಿ ಅಂತ ಅವರು ಹೇಳುತ್ತಿದ್ದರು. ಸುಮ್ಮನೆ ನಿನಗೇಕೆ ಇಲ್ಲದ ಕೆಲಸ? ಡ್ರೈವರ್ ಸೀಟಿನ ಅಡಿಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ ಇದೆ. ಅವರು ಬರೆದ ನಕ್ಷೆಗಳೆಲ್ಲ ಅದರಲ್ಲಿವೆ. ಏನು ಕುಯ್ಯುವ ಮೊದಲೂ ಅದನ್ನು ತೆಗೆದು ನೋಡು. ಪೂರ್ತಿ ನೋಡು. ಇದೊಂದು ನನ್ನ ಮಾತು ನಡೆಸಿಕೊಡು.

ಭಾವನ ಮುಖ ನೋಡಲು ಧೈರ್ಯ ಸಾಲಲಿಲ್ಲ ಅಂದೆ. ನನಗೂ ಸಾಲಿರಲಿಲ್ಲ, ಆದರೆ ನಾನು ಮನೆಯಲ್ಲೇ ಇದ್ದೆನಲ್ಲ, ಎಲ್ಲಿಗೆ ಹೋಗಲಿ? ಬೇಜಾರಿಲ್ಲ ಅಂತ ಸುಳ್ಳು ಹೇಳುವುದಿಲ್ಲ.

ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ನನ್ನ ಕೆಲಸ ಮೇ ಕೊನೆಗೆ ಮುಗಿಯುತ್ತದೆ. ‘ಟೈಪಿಂಗ್ ಅಷ್ಟು ಚೆನ್ನಾಗಿ ಕಲಿತು ಈ ಕೌಂಟರಿಗೆ ಹೋಗಿ ಕೂತೆಯಲ್ಲ’ ಅಂತ ನೀನು ವರ್ಷಕ್ಕೊಮ್ಮೆ ಬೈಯುವುದೂ ಅಲ್ಲಿಗೆ ಮುಗಿಯಿತು. ಬರುವುದರ ಬಗ್ಗೆ ಯೋಚಿಸುತ್ತಿದ್ದೇನೆ. ಬರಬೇಕು ಅಂತಲೇ ಇದೆ. ನನ್ನ ಜೀವಮಾನದಲ್ಲಿ ಒಂದು ಸಲವಾದರೂ ಯಾರ ಪಕ್ಕದಲ್ಲೂ ಕೂರದೆ, ನಾನೇ ಗಾಡಿ ಓಡಿಸಿಕೊಂಡು ನನಗೆ ಬೇಕಾದ ಕಡೆ ಹೋಗಿ ಬರಬೇಕು. ಅದೊಂದೇ ಆಸೆ.

ಅಕ್ಕ


ಮಾರ್ಚ್ 19

ಅಕ್ಕಾ,

ನಿನ್ನ ಕಾಗದ ಬರುವ ಹೊತ್ತಿಗೆ ಚಕ್ರಗಳನ್ನು ತಿರುಗಿಸುವ ಸ್ಟೀರಿಂಗ್ ರ್ಯಾಕ್ ಕಳಚಿ ಕೆಳಗಿಟ್ಟಾಗಿತ್ತು. ನೀನು ನನಗೆ ಶ್ರಮವಾದೀತು ಅಂತ ಹಿಂಜರಿಯುತ್ತಿದ್ದೀಯ, ನನಗೆ ಗೊತ್ತು. ಚಿಕ್ಕಂದಿನಿಂದಲೂ ಹೀಗೇ ನೀನು. ಹಸಿವಿಲ್ಲ ಅಂತ ಹೇಳಿ ನಿನ್ನ ಪಾಲನ್ನೂ ನನ್ನ ತಟ್ಟೆಗೇ ಹಾಕುತ್ತಿದ್ದೆ.

ಇನ್ನು ನಕ್ಷೆ. ಇಪ್ಪತ್ತು ವರ್ಷ ಬಸ್ಸುಗಳ ಹೊಟ್ಟೆಯೊಳಗೆ ಮಲಗಿದವನಿಗೆ ನಕ್ಷೆ ಯಾಕೆ? ಗಾಡಿಯೇ ಎಲ್ಲ ಹೇಳುತ್ತದೆ. ಮೊನ್ನೆ ಡಿಪೋದ ವೆಲ್ಡರ್ ಒಬ್ಬ ನನಗೇ ಪಾಠ ಹೇಳಲು ಬಂದ. ‘ರ್ಯಾಕನ್ನ ತಲೆಕೆಳಗೆ ತಿರುಗಿಸಿ ಹಾಕಿದ್ರೆ ಮುಗೀತಲ್ಲಣ್ಣ, ಹೊಸದ್ಯಾಕೆ?’ ಅಂದ. ‘ಹಾಕು ಹಾಕು, ಆಮೇಲೆ ನೀನು ಎಡಕ್ಕೆ ತಿರುಗ್ಸು, ಗಾಡಿ ಬಲಕ್ಕೆ ಹೋಗಿ ನಿಮ್ಮತ್ತೆ ಮನೆ ಬಾಗಿಲಿಗೇ ನುಗ್ಗುತ್ತೆ’ ಅಂದೆ. ಶೆಡ್ಡೆಲ್ಲ ನಗು. ಹೊಸ ರ್ಯಾಕ್ ತರಿಸಿದ್ದೇನೆ. ಎಂಜಿನ್ ಹಿಂದಿನ ತಗಡಿನ ಗೋಡೆಯಲ್ಲಿ ಬಲಕ್ಕೆ ತೂತು ಕೊರೆದು, ಹಳೆಯ ತೂತನ್ನು ಬೆಸೆದು ಮುಚ್ಚಿದೆ. ಹೊಗೆ ಕೊಳವೆ ಬಲಗಡೆಯೇ ಇರುವುದರಿಂದ ಸ್ಟೀರಿಂಗ್ ದಂಡ ಅದಕ್ಕೆ ತಾಗುತ್ತಿತ್ತು. ಎರಡು ಕಡೆ ಕೀಲು ಕೊಟ್ಟು ಬಳಸಿ ತಂದೆ. ಪೆಡಲುಗಳನ್ನೂ ಈ ಕಡೆಗೆ ತಂದಾಯಿತು.

ಭಾವನ ಬಗ್ಗೆ ಕೊಂಕು ಮಾತಾಡುತ್ತಿಲ್ಲ, ಆದರೆ ಕೆಲವು ವಿಚಿತ್ರಗಳಿವೆ ಮಾರಾಯಿತಿ. ಇಂಡಿಕೇಟರ್ ಕಡ್ಡಿಯನ್ನು ಬೇಕೆಂತಲೇ ಬಲಗೈ ಕಡೆಗೆ ಹಾಕಿದ್ದ. ನಮ್ಮ ಬಸ್ಸುಗಳಲ್ಲಿರುವ ಹಾಗೆ ಎಡಗೈಗೆ ತಂದೆ. ಸ್ಟೀರಿಂಗ್ ಚಕ್ರದ ಎಡಗಡೆ ಒಂದು ಚರ್ಮದ ಪಟ್ಟಿ, ಬಳೆಯ ಹಾಗೆ ದುಂಡಗೆ ಹೊಲಿದು ಕೂರಿಸಿದ್ದಾನೆ. ಒಳಗೆ ಮೆತ್ತೆ ಬೇರೆ. ಕೈಚೀಲ ನೇತುಹಾಕಲು ಮಾಡಿದನೋ ಏನೋ! ತಿರುವಿನಲ್ಲಿ ಅದಕ್ಕೆ ಕೈ ಸಿಕ್ಕಿಕೊಂಡರೆ ಅಪಾಯ. ಕತ್ತರಿಸಿ ತೆಗೆದೆ.

ಇನ್ನು ಗೇರು ನಿನ್ನ ಎಡಗೈಗೆ ಬರುತ್ತದೆ. ಒಂದು ವಾರದಲ್ಲಿ ರೂಢಿಯಾಗುತ್ತದೆ, ಹೆದರಬೇಡ.

ನಿನ್ನ,
ನಟ್ಟು


ಏಪ್ರಿಲ್ 10

ನಟ್ಟು,

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನು ನೀನು. ಆಗಲೂ ಹಾಗೇ, ಈಗಲೂ ಹಾಗೇ.

ಆ ಪಟ್ಟಿಯನ್ನು ಎಸೆಯಬೇಡ. ಎತ್ತಿಡು. ಮೂರು ಸಲ ಹೊಲಿದು ಬಿಚ್ಚಿ, ನಾಲ್ಕನೆಯ ಸಲ ಸರಿಬಂದದ್ದು ಅದು.

ಡಬ್ಬಿ ತೆಗೆದೆಯಾ? ಅದನ್ನು ಬರೆಯಲೇ ಇಲ್ಲ ನೀನು. ಕೈಮುಗಿದು ಕೇಳುತ್ತೇನೆ, ಒಂದು ಸಂಜೆ ಕೂತು ಅವರ ನಕ್ಷೆಗಳನ್ನು ಓದು. ಕೆಲವು ವಿಷಯ ನನಗೆ ಬರೆಯಲು ಬರುವುದಿಲ್ಲ. ಅವರಿಗೆ ಬರುತ್ತಿತ್ತು. ಅವರ ಅಕ್ಷರದಲ್ಲೇ ನೀನು ಓದಿದರೆ ನನಗೆ ಸಮಾಧಾನ.

ನಿನ್ನೆ ಡಬರಿ, ಪಾತ್ರೆಗಳನ್ನೆಲ್ಲ ಕಟ್ಟಿಟ್ಟೆ. ಪಕ್ಕದ ಮನೆಯಾಕೆ ಬಂದು ಹಗ್ಗ ಬಿಗಿದು ಗಂಟು ಹಾಕಿಕೊಟ್ಟಳು. ಮುಚ್ಚಳ ತಿರುಗಿಸುವುದಕ್ಕೂ ಅವಳನ್ನೇ ಕರೆಯುತ್ತೇನೆ ಈಗ. ಮೊದಲು ಅದೆಲ್ಲ ಅವರ ಪಾಲಿನ ಕೆಲಸವಾಗಿತ್ತು. ಮನೆ ಖಾಲಿಯಾದಷ್ಟೂ ಸದ್ದು ಜಾಸ್ತಿ ಆಗುತ್ತಿದೆ.

ಡಬ್ಬಿ ನೋಡಿ ಬರೆ. ನೋಡಿದ ಮೇಲೂ ಬಲಕ್ಕೇ ಬೇಕು ಅನ್ನಿಸಿದರೆ ನಾನು ಏನೂ ಹೇಳುವುದಿಲ್ಲ.

ಅಕ್ಕ


ಮೇ 30

ಅಕ್ಕಾ! ಪಾಸ್!

ಹತ್ತು ವಾರ ಬರೆಯಲಿಲ್ಲ ಅಂತ ಕೋಪವಾ? ಬರೆಯಲು ಕೈ ಬಿಡುವಿದ್ದರೆ ತಾನೇ. ಡ್ಯಾಶ್‌ಬೋರ್ಡೇ ಮೂರು ವಾರ ತಿಂದಿತು. ಮೀಟರುಗಳ ತೂತೆಲ್ಲ ಎಡಕ್ಕಿದ್ದವಲ್ಲ, ಹಲಗೆಯನ್ನು ನಡುವೆ ಕುಯ್ದು, ಎರಡು ತುಂಡುಗಳನ್ನು ಅದಲುಬದಲು ಮಾಡಿ ಜೋಡಿಸಿದೆ. ಮೆರುಗು ಹಾಕಿದ ಮೇಲೆ ಜೋಡಣೆ ಹುಡುಕಿದರೂ ಸಿಗದು. ವೈಪರುಗಳನ್ನೂ ತಿರುಗಿಸಿದೆ. ಬಣ್ಣ ನಿನಗಿಷ್ಟವಾದದ್ದೇ, ಕಡುಹಸಿರು.

ನಿನ್ನ ಡಬ್ಬಿ ತೆಗೆದು ನೋಡಿದೆ, ಎಲ್ಲ ಓದಿದೆ. ಭಾವ ಗೀಟೆಳೆದರೆ ಗೀಟೇ. ಆದರೆ ಈಗ ಮಾಡಿರುವುದೇ ಸರಿ, ನನ್ನ ಮಾತು ನಂಬು. ಪಟ್ಟಿ ಮಾತ್ರ ಕಸದ ಜೊತೆ ಹೋಗಿಬಿಟ್ಟಿದೆ. ಬೇಕಾದರೆ ಅಂಥ ಹತ್ತು ಹೊಲಿಸಿಕೊಡುತ್ತೇನೆ.

ಈಗ ತಮಾಷೆ ಕೇಳು. ನಿನ್ನೆ ತಪಾಸಣೆಗೆ ಒಯ್ದೆ. ಅಲ್ಲಿಯ ಅಧಿಕಾರಿ ಬಲು ಶಿಸ್ತಿನ ಮನುಷ್ಯ, ಅಂಗಾತ ಮಲಗಿ ತಳವನ್ನೆಲ್ಲ ನೋಡಿದ. ಎದ್ದು ಕೈ ಒರೆಸಿಕೊಂಡು, ‘ಎಡಕ್ಕಿದ್ದದ್ದನ್ನ ಬಲಕ್ಕೆ ತಂದಿದೀರಾ? ಯಾಕೆ?’ ಅಂದ. ‘ಕಾನೂನಲ್ವಾ ಸಾರ್’ ಅಂದೆ. ಆತ ನಕ್ಕು, ‘ಕೈಯಲ್ಲಿ ಕಟ್ಟಿದ ಗಾಡಿಗೆ ಆ ಕಾನೂನು ಇಲ್ಲಾರೀ. ಹೆಡ್‌ಲೈಟು ಈ ಕಡೆಗೆ ತಿರುಗಿಸಿದ್ರೆ ಸಾಕಿತ್ತು. ಬರೋ ಮುಂಚೆ ಒಂದ್ಮಾತು ಕೇಳಬಾರದಿತ್ತಾ?’ ಅಂದ. ನಾಲ್ಕು ತಿಂಗಳ ಕೆಲಸ, ಅಕ್ಕ! ನನ್ನ ಹೆಂಡತಿ ಇನ್ನೂ ನಗುತ್ತಿದ್ದಾಳೆ.

ಆದರೂ ಒಳ್ಳೆಯದೇ ಆಯಿತು. ನಮ್ಮ ರಸ್ತೆಗೆ ಬಲಕ್ಕಿದ್ದರೇ ಚೆಂದ. ಮುಂದಿನ ಕೋಣೆಗೆ ಸುಣ್ಣ ಹೊಡೆದಿದ್ದೇನೆ. ನನ್ನ ಮಗಳು ಬಾಗಿಲ ಮೇಲೆ ‘ಅತ್ತೆಯ ಕೋಣೆ’ ಅಂತ ಬರೆದು ಅಂಟಿಸಿದ್ದಾಳೆ. ಯಾವ ಹಡಗು, ಯಾವ ದಿನ, ಬರೆ.

ನಟ್ಟು


ಜುಲೈ 2

ಚಿರಂಜೀವಿ ತಮ್ಮನಿಗೆ,

ನಿನ್ನ ಕಾಗದ ತಲುಪಿತು. ಗಾಡಿ ಪಾಸಾದದ್ದು ಸಂತೋಷ.

ನಾನು ಬರುವುದಿಲ್ಲ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಸಿಕ್ಕಿದೆ, ಅಲ್ಲಿಗೆ ಬಂದಿದ್ದೇನೆ. ಬಸ್ ನಿಲ್ದಾಣ ಹತ್ತಿರ. ಗಾಡಿಯನ್ನು ನಿನ್ನ ಹೆಂಡತಿ ಓಡಿಸಲಿ.

ಡಬ್ಬಿಯನ್ನು ಮಾತ್ರ ವಾಪಸ್ ಕಳಿಸು.

ಅಕ್ಕ


ಜುಲೈ 20

ಅಕ್ಕ,

‘ಚಿರಂಜೀವಿ ತಮ್ಮನಿಗೆ’ ಅಂತೆ. ಸರ್ಕಾರಿ ನೋಟಿಸು ಬರೆದ ಹಾಗೆ ಬರೆದಿದ್ದೀಯ.

ನಾನು ಮಾಡಿದ ತಪ್ಪೇನು? ನಾಲ್ಕು ತಿಂಗಳು ಒಂದು ಭಾನುವಾರವೂ ಮನೆಯವರ ಮುಖ ನೋಡಲಿಲ್ಲ. ಭಾವನ ನೆನಪು ಎಡಕ್ಕಿದ್ದರೆ ಮಾತ್ರ ಇರುತ್ತದಾ, ಬಲಕ್ಕೆ ಬಂದರೆ ಹೋಗುತ್ತದಾ? ಸಾವಿಗೆ ಬರಲಿಲ್ಲ ಅನ್ನುವ ಸಿಟ್ಟನ್ನು ನೇರವಾಗಿ ಬೈದು ತೀರಿಸಿಕೋ. ಗಾಡಿಯ ನೆಪ ಯಾಕೆ? ಅಷ್ಟು ಬೇಡವಾಗಿದ್ದರೆ ಬಿಡು. ನಾಳೆಯೇ ನಿನ್ನ ಡಬ್ಬಿ ಕಟ್ಟಿ ಕಳಿಸುತ್ತೇನೆ.


ಜುಲೈ 21

ಅಕ್ಕಾ,

ನಿನ್ನೆಯ ಕಾಗದ ಅಂಚೆಗೆ ಹೋಗಿಬಿಟ್ಟಿದೆ. ಅಂಚೆ ಕಚೇರಿಗೆ ಓಡಿದೆ, ಚೀಲ ಹೊರಟಾಗಿತ್ತು. ನಿನಗೆ ಎರಡೂ ಒಟ್ಟಿಗೆ ಬಂದರೆ ದಯವಿಟ್ಟು ಇದನ್ನು ಮೊದಲು ಓದು.

ನಾನು ಸುಳ್ಳು ಹೇಳಿದ್ದೆ. ಮೇ ತಿಂಗಳಲ್ಲಿ ನಾನು ಡಬ್ಬಿ ತೆಗೆದಿರಲೇ ಇಲ್ಲ. ನಿನ್ನ ಮನಸ್ಸಿಗೆ ಸಮಾಧಾನವಾಗಲಿ ಅಂತ ಒಂದು ಸಾಲು ಗೀಚಿದ್ದು, ಅಷ್ಟೇ. ಸೀಟು ಕಳಚುವಾಗ ಅದನ್ನು ಎತ್ತಿ ಶೆಡ್ಡಿನ ಅಟ್ಟದ ಮೇಲಿಟ್ಟಿದ್ದೆ, ಭಾವ ಕಟ್ಟಿದ ದಾರದ ಸಮೇತ ಹಾಗೇ ಇತ್ತು. ಇವತ್ತು ಬೆಳಿಗ್ಗೆ ಪಾರ್ಸಲ್ ಮಾಡಲು ಇಳಿಸಿದಾಗ ದಾರ ಹಳೆಯದಾಗಿ ಕಿತ್ತುಬಂತು. ಆಮೇಲೆ ತೆಗೆದೆ.

ಮೊದಲನೆಯ ಹಾಳೆಯ ಮೇಲೆ ‘ಅವಳ ಗಾಡಿ’ ಅಂತಿದೆ. ಕೆಳಗೆ ಭಾವನ ಅಕ್ಷರ: ‘ಎಡಗೈ. ಹೆಬ್ಬೆರಳು, ತೋರುಬೆರಳು ಸ್ವಲ್ಪ ಮಡಚುತ್ತವೆ. ಉಳಿದ ಮೂರು ಇಲ್ಲ. ಹಿಡಿತವಿಲ್ಲ. ಗೇರು, ಹ್ಯಾಂಡ್‌ಬ್ರೇಕು, ಇಂಡಿಕೇಟರ್ ಎಲ್ಲ ಬಲಗೈಗೇ ಸಿಗಬೇಕು. ಆದ್ದರಿಂದ ಸ್ಟೀರಿಂಗ್ ಎಡಕ್ಕೇ. ಬಲಗೈ ಗೇರಿಗೆ ಹೋದಾಗ ಎಡ ಮಣಿಕಟ್ಟು ಚಕ್ರ ಹಿಡಿಯಲು ಪಟ್ಟಿ.’

ಅಕ್ಕ, ಮೂರು ಬೆರಳಾ?

ಅದರ ಕೆಳಗೆ ನಮ್ಮ ತಪಾಸಣೆ ಕಚೇರಿಯ ಕಾಗದ ಇದೆ, ಎರಡು ವರ್ಷದ ಹಿಂದಿನದು, ಮೊಹರಿನ ಸಮೇತ. ಎಡಗಡೆ ಸ್ಟೀರಿಂಗ್ ಇದ್ದರೂ ಅಡ್ಡಿಯಿಲ್ಲ ಅಂತ. ಒಂದು ದಿನ ನೀನು ಇಲ್ಲೂ ಓಡಿಸಬೇಕಾದೀತು ಅಂತ ಭಾವ ಅಲ್ಲಿಂದಲೇ ಬರೆದು ಕೇಳಿದ್ದ. ಇಲ್ಲೇ ಇದ್ದ ನಾನು ಕೇಳಲಿಲ್ಲ.

ಮನೆಯಲ್ಲಿದ್ದ ನಿನ್ನ ಫೋಟೊಗಳನ್ನೆಲ್ಲ ಹರವಿಕೊಂಡು ಕೂತೆ. ಮದುವೆಯದು, ಹೊಸ ಮನೆಯದು, ಕೌಂಟರಿನದು. ಹತ್ತೊಂಬತ್ತು ಫೋಟೊ. ಒಂದರಲ್ಲೂ ನಿನ್ನ ಎಡಗೈ ಇಲ್ಲ. ಭಾವನ ಬೆನ್ನ ಹಿಂದೆ, ಚೀಲದ ಅಡಿ, ಸೆರಗಿನೊಳಗೆ. ‘ನೋಡು, ಅಕ್ಕ ಇನ್ನೂ ನಾಚಿಕೊಳ್ತಾಳೆ’ ಅಂತ ನಾನು ಹೆಂಡತಿಗೆ ತೋರಿಸಿ ನಗುತ್ತಿದ್ದೆ. ಟೈಪಿಂಗ್ ಬಿಟ್ಟದ್ದಕ್ಕೆ ವರ್ಷವರ್ಷವೂ ಬೈದೆ. ನಿನ್ನ ಬೆರಳನ್ನು ನಾನೇ ತೆಗೆದು, ನಾನೇ ಬೈದೆ.

ಯಾಕೆ ಹೇಳಲಿಲ್ಲ? ನಿನ್ನನ್ನು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ನಟ್ಟು


ಸೆಪ್ಟೆಂಬರ್ 1

ನಟ್ಟು,

ಎರಡೂ ಕಾಗದ ಒಂದೇ ದಿನ ಬಂದವು. ನೀನು ಹೇಳಿದ ಹಾಗೆ ಎರಡನೆಯದನ್ನೇ ಮೊದಲು ಓದಿದೆ. ಆಮೇಲೆ ಮೊದಲನೆಯದನ್ನೂ ಓದಿ ಚೆನ್ನಾಗಿ ಅತ್ತೆ.

ಯಾಕೆ ಹೇಳಲಿಲ್ಲ? ನೀನು ಆಗ ಹತ್ತೊಂಬತ್ತರ ಹುಡುಗ. ಊಟ ಬಿಟ್ಟು, ನಿದ್ದೆ ಬಿಟ್ಟು ಕೂತಿದ್ದೆ. ಬೆರಳು ತೆಗೆದರು ಅಂತ ಬರೆದಿದ್ದರೆ ನೀನು ಅಲ್ಲಿ ಏನು ಮಾಡಿಕೊಳ್ಳುತ್ತಿದ್ದೆಯೋ. ಒಂದು ಸಾಲಿನ ಸುಳ್ಳು ಬರೆದೆ. ಸ್ವಲ್ಪ ದಿನವಾದ ಮೇಲೆ ಹೇಳೋಣ ಅಂದುಕೊಂಡೆ. ಒಂದು ವರ್ಷವಾಯಿತು, ಐದಾಯಿತು. ಆಮೇಲೆ ಹೇಳಿದರೆ ‘ಇಷ್ಟು ದಿನ ಯಾಕೆ ಮುಚ್ಚಿಟ್ಟೆ’ ಅಂತ ಕೇಳುತ್ತೀಯಲ್ಲ ಅಂತ ಮತ್ತೆ ಸುಮ್ಮನಾದೆ. ‘ನಿನ್ನ ತಮ್ಮ ಏನು ಮಗುವಾ? ಹೇಳಿಬಿಡೇ’ ಅಂತ ಅವರು ಎಷ್ಟು ಸಲ ಅಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಡಬ್ಬಿ ಹೇಳಲಿ ಅಂತ ಡಬ್ಬಿಯ ಮೇಲೆ ಭಾರ ಹಾಕಿದೆನಲ್ಲ, ಅದು ನನ್ನ ಹೇಡಿತನ.

ಆದರೆ ನಿನ್ನ ಮೇಲೆ ಸಿಟ್ಟು ಬಂದದ್ದು ಬೆರಳಿಗಲ್ಲ. ‘ಎಲ್ಲ ಓದಿದೆ’ ಅಂತ ಬರೆದೆ. ಓದಿ, ನನ್ನ ಕೈ ಹೀಗಿದೆ ಅಂತ ತಿಳಿದ ಮೇಲೂ ‘ಈಗ ಮಾಡಿರುವುದೇ ಸರಿ’ ಅಂದೆ ಅಂತ ನಾನು ತಿಳಿದೆ. ಪಟ್ಟಿ ಕಸಕ್ಕೆ ಹೋಯಿತು ಅಂತ ನಗುನಗುತ್ತಾ ಬರೆದಿದ್ದೆ. ಇವನು ನನ್ನ ತಮ್ಮನೇನಾ ಅನ್ನಿಸಿತು. ಎರಡು ದಿನ ಕೌಂಟರಿನ ಗೆಳತಿಯ ಮನೆಗೆ ಹೋಗಿ ಕೂತಿದ್ದೆ.

ಒಂದು ವಿಷಯ ಹೇಳಲೇ? ನಾನು ಆ ಗಾಡಿಯನ್ನು ಒಂದು ಸಲ ಓಡಿಸಿದ್ದೇನೆ. ಇನ್ನೂ ಬಾಡಿ ಕೂರಿಸಿರಲಿಲ್ಲ. ಬರೀ ಕೊಳವೆಗಳು, ನಾಲ್ಕು ಚಕ್ರ, ಒಂದು ಸೀಟು. ಲೇತ್ ವರ್ಕ್‌ಶಾಪಿನ ಅಂಗಳದಲ್ಲಿ, ಭಾನುವಾರ ಬೆಳಿಗ್ಗೆ. ಪಟ್ಟಿಯೊಳಗೆ ಮಣಿಕಟ್ಟು ತೂರಿಸಿ, ಬಲಗೈಯಲ್ಲಿ ಗೇರು ಹಾಕಿದೆ. ‘ನಿಧಾನ ಕಣೇ, ನಿಧಾನ’ ಅಂತ ಅವರು ಪಕ್ಕದಲ್ಲೇ ಓಡುತ್ತಿದ್ದರು. ಎರಡನೆಯ ಗೇರಿಗೆ ಹಾಕಿದಾಗ ಅವರು ಹಿಂದೆ ಉಳಿದರು. ತಿರುಗಿ ನೋಡಿದರೆ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಾ ನಗುತ್ತಿದ್ದಾರೆ. ಹನ್ನೊಂದು ಸುತ್ತು ಹಾಕಿದೆ, ನಟ್ಟು. ಅಷ್ಟೇ ನನ್ನ ಡ್ರೈವಿಂಗು.

ಮಿಂಚಿ ಹೋದ ಕಾಲಕ್ಕೆ ಚಿಂತಿಸಿ ಫಲವಿಲ್ಲ ಅನ್ನುತ್ತಾರೆ. ಹೇಳುವವರಿಗೇನು, ಹೇಳುತ್ತಾರೆ.

ಅಕ್ಕ


ಡಿಸೆಂಬರ್ 12

ಅಕ್ಕಾ,

ಮೂರು ತಿಂಗಳು ಬರೆಯದಿದ್ದದ್ದು ಈ ಸಲ ಬೇಕೆಂತಲೇ. ಮುಗಿಸದೆ ಬರೆಯಬಾರದು ಅಂದುಕೊಂಡೆ.

ಸ್ಟೀರಿಂಗ್ ಎಡಕ್ಕೆ ಹೋಗಿದೆ. ನಕ್ಷೆಯನ್ನು ಬೆಂಚಿನ ಮೇಲಿಟ್ಟು, ಒಂದೊಂದು ಸಾಲಿಗೂ ಗುರುತು ಹಾಕುತ್ತಾ ಮಾಡಿದೆ. ಹಳೆಯ ರ್ಯಾಕ್ ಗುಜರಿಗೆ ಹಾಕಿರಲಿಲ್ಲ, ಪುಣ್ಯ. ಇಂಡಿಕೇಟರ್ ಬಲಗೈಗೆ ಬಂತು. ತಪಾಸಣೆ ಅಧಿಕಾರಿ, ‘ಏನ್ರೀ, ಮತ್ತೆ ಎಡಕ್ಕಾ? ಆಟ ಆಡ್ತಿದೀರಾ?’ ಅಂದ. ‘ಇಲ್ಲ ಸಾರ್, ತಪ್ಪು ತಿದ್ದಿಕೊಂಡೆ’ ಅಂದೆ. ಅವನು ಕಾಗದಕ್ಕೆ ಮೊಹರು ಒತ್ತಿ ಕೊಟ್ಟ.

ಎಲ್ಲ ಮೊದಲಿನ ಹಾಗಾಗಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ತಗಡಿನ ಗೋಡೆಯಲ್ಲಿ ಎರಡು ತೇಪೆಗಳಿವೆ. ಡ್ಯಾಶ್‌ಬೋರ್ಡನ್ನು ಮತ್ತೆ ಅದಲುಬದಲು ಮಾಡಿದೆ, ಆದರೆ ಗರಗಸ ಒಂದು ನೂಲಿನಷ್ಟು ಮರ ತಿಂದಿದೆ. ನಡುವೆ ಗೀಟು ಕಾಣುತ್ತದೆ. ಅದರ ಮೇಲೆ ಮೆರುಗು ಹಾಕಲಿಲ್ಲ.

ಪಟ್ಟಿ ಒಂದು ಆಗಲಿಲ್ಲ. ಚರ್ಮ ತಂದು ನಾನೇ ಹೊಲಿದೆ. ನನ್ನ ಎಡಗೈಯ ಮೂರು ಬೆರಳನ್ನು ಅಂಗೈಗೆ ಟೇಪು ಹಾಕಿ ಬಿಗಿದು, ಡಿಪೋದ ಮೈದಾನದಲ್ಲಿ ಓಡಿಸಿ ನೋಡಿದೆ. ಮೊದಲನೆಯದು ಜಾರಿತು, ಎರಡನೆಯದು ಉಜ್ಜಿತು. ಇಲ್ಲಿಯವರೆಗೆ ಏಳು ಹೊಲಿದಿದ್ದೇನೆ. ಡಬ್ಬಿಯಲ್ಲಿ ಎಲ್ಲ ಅಳತೆಯೂ ಇದೆ, ಪಟ್ಟಿಯದೊಂದು ಬಿಟ್ಟು. ಭಾವ ಅದನ್ನು ನಿನ್ನ ಕೈಯ ಮೇಲೇ ಇಟ್ಟು ಹೊಲಿದಿರಬೇಕು. ಅವನು ನಾಲ್ಕು ಸಲ ಹೊಲಿದು ಸರಿತಂದದ್ದನ್ನು ನಾನು ಒಂದು ಕತ್ತರಿಯಲ್ಲಿ ತೆಗೆದು ಕಸಕ್ಕೆ ಹಾಕಿದೆ. ಉಳಿದದ್ದೆಲ್ಲ ತಿದ್ದಬಹುದಿತ್ತು, ಅದೊಂದು ನನ್ನ ಎದೆಯಲ್ಲಿ ಕೂತುಬಿಟ್ಟಿದೆ.

ಬಾ ಅಂತ ಕೇಳುವುದಿಲ್ಲ. ನನಗೆ ಆ ಹಕ್ಕಿಲ್ಲ. ಗಾಡಿಯನ್ನು ನಿನ್ನಲ್ಲಿಗೇ ಕಳಿಸು ಅಂದರೆ ಪೆಟ್ಟಿಗೆ ಕಟ್ಟಿಸುತ್ತೇನೆ. ಅಳತೆಯೊಂದು ಬೇಕು, ಅಕ್ಕ. ಹೇಗೆ ಕೇಳಬೇಕೋ ಗೊತ್ತಾಗದೆ ಇಷ್ಟು ಬರೆದೆ.

ನಟ್ಟು


ಜನವರಿ 9

ನಟ್ಟು,

ಪೆಟ್ಟಿಗೆ ಕಟ್ಟಿಸಬೇಡ. ಬರುತ್ತೇನೋ ಇಲ್ಲವೋ, ಇವತ್ತೇ ಮಾತು ಕೊಡಲಾರೆ. ಸಿಟ್ಟು ಪೂರ್ತಿ ಇಳಿದಿಲ್ಲ, ಇಳಿದ ಮೇಲೆ ನೋಡೋಣ. ಬಾಗಿಲ ಮೇಲೆ ಮಗಳು ಅಂಟಿಸಿದ ಚೀಟಿಯನ್ನು ಕೀಳಬೇಡ.

ಏಳು ಹೊಲಿದೆಯಾ? ಅವರಿಗಿಂತ ಮೂರು ಜಾಸ್ತಿ. ಹೊಲಿಗೆ ನಿನಗೆ ಮೊದಲಿನಿಂದಲೂ ಬರುವುದಿಲ್ಲ.

ಅಳತೆ ಕೇಳಿದೆಯಲ್ಲ. ಟೇಪು ಹಿಡಿದು ನೋಡಿದೆ. ಒಂದೇ ಕೈಯಲ್ಲಿ ಟೇಪು ಸುತ್ತಲು ಆಗಲಿಲ್ಲ. ಪಕ್ಕದ ಮನೆಯಾಕೆ ಈಗ ದೂರವಾದಳು, ಹೊಸಬರನ್ನು ಕರೆಯಲು ಮನಸ್ಸಾಗಲಿಲ್ಲ. ಅದಕ್ಕೆ ಹೀಗೆ ಮಾಡಿದ್ದೇನೆ. ಈ ಹಾಳೆಯ ಹಿಂದೆ ನನ್ನ ಎಡಗೈಯಿಟ್ಟು, ಸುತ್ತ ಪೆನ್ಸಿಲಿನಿಂದ ಗೀಟೆಳೆದಿದ್ದೇನೆ. ಮಣಿಕಟ್ಟು ಎಲ್ಲಿಂದ ಸಣ್ಣಗಾಗುತ್ತದೆ ಅನ್ನುವುದನ್ನು ಸರಿಯಾಗಿ ನೋಡಿಕೋ. ಹೆಬ್ಬೆರಳಿನ ಹತ್ತಿರ ಪೆನ್ಸಿಲು ಸ್ವಲ್ಪ ಜಾರಿದೆ.

ಇಪ್ಪತ್ಮೂರು ವರ್ಷವಾಯಿತು, ನಿನಗೆ ತೋರಿಸಿರಲಿಲ್ಲ. ಹಾಳೆ ತಿರುಗಿಸು.

ಅಕ್ಕ